ಓಟಕ್ಕೆ ಮುಂಚಿನ ಕುದುರೆ

ಪಶ್ಚಿಮ ದೇಶಗಳ ಅಶ್ವಸ್ಪರ್ಧೆಗಳಲ್ಲಿ ಈಚೀಚೆಗೆ ಒಂದು ಪದ್ಧತಿ ಬಳಕೆಗೆ ಬಂದಿದೆ. ಕುದುರೆಗಳು ಒಂದೊಂದಾಗಿ ಅಂಗಳಕ್ಕೆ ಇಳಿದು, ಬಣ್ಣ ಬಳಿದ ಅಡ್ಡಗಳುಗಳನ್ನು ಹಾರಿ ಹೋಗುತ್ತಿರುವಾಗ, ಬೇಲಿಯ ಈಚೆ ಮಗ್ಗುಲಲ್ಲಿ ಚಿತ್ರಕಾರನೊಬ್ಬನೋ ಚಿತ್ರಕಾರ್ತಿಯೊಬ್ಬಳೋ ಈಸೆಲ್ ನಿಲ್ಲಿಸಿಕೊಂಡು, ನೆರೆದ ಜನರ ಕಣ್ಣೆದುರಿನಲ್ಲಿಯೇ ಆ ದಿನದ ಸ್ಪರ್ಧೆಯನ್ನು ಬಣ್ಣದಲ್ಲಿ ಮೂಡಿಸುತ್ತಾರೆ. ಬಹುಮಾನ ಹಂಚುವ ಹೊತ್ತಿಗೆ ಚಿತ್ರವೂ ಮುಗಿದಿರುತ್ತದೆ. ಕೆಲವೊಮ್ಮೆ ಅದು ಅಲ್ಲಿಯೇ ಹರಾಜಾಗಿ ಯಾವುದಾದರೊಂದು ಧರ್ಮಕಾರ್ಯಕ್ಕೆ ಸಲ್ಲುವುದೂ ಉಂಟು. ನೋಡುವವರಿಗೆ ಒಂದೇ ಚೀಟಿಯಲ್ಲಿ ಎರಡು ಸ್ಪರ್ಧೆಗಳನ್ನು ಕಂಡ ಸಂತೋಷ: ಒಂದು ಕುದುರೆಗೂ ಗಡಿಯಾರಕ್ಕೂ ನಡೆಯತಕ್ಕದ್ದು, ಇನ್ನೊಂದು ಕಣ್ಣಿಗೂ ಕೈಗೂ ನಡೆಯತಕ್ಕದ್ದು. ಗುಂಪು ಬೆರಗಾಗಿ ತಲೆದೂಗುವುದು ಸಾಮಾನ್ಯವಾಗಿ ಆ ಕೈಯ ವೇಗಕ್ಕೆ. ಆದರೆ ಕುದುರೆಯನ್ನು ಎದುರಿಗಿಟ್ಟುಕೊಂಡು ಬರೆದವರ ಚರಿತ್ರೆಯನ್ನು ತುಸು ತಾಳ್ಮೆಯಿಂದ ನೋಡಿದವರಿಗೆ, ವೇಗವೆಂಬುದು ಆ ವಿದ್ಯೆಯಲ್ಲಿ ಬಹು ಕಡಮೆ ಪ್ರಮಾಣದ್ದೆಂದೂ, ಕಾದುಕೊಂಡಿರುವುದೇ ಅದರ ಮುಕ್ಕಾಲು ಪಾಲೆಂದೂ ತೋರದೆ ಇರಲಾರದು.

ಈ ಮಾತಿಗೆ ನಿದರ್ಶನವಾಗಿ ನಿಲ್ಲತಕ್ಕವನು ಸರ್ ಆಲ್ಫ್ರೆಡ್ ಮನ್ನಿಂಗ್ಸ್. 1878ನೆಯ ಇಸವಿಯ ಅಕ್ಟೋಬರಿನಲ್ಲಿ, ಇಂಗ್ಲೆಂಡಿನ ಪೂರ್ವಭಾಗದ ಸಫೋಕ್ ಪ್ರಾಂತದಲ್ಲಿ, ವೇವನೀ ನದಿಯ ದಡದ ಮೆಂಡಮ್ ಎಂಬ ಹಳ್ಳಿಯ ಹಿಟ್ಟಿನ ಗಿರಣಿಯವನ ಮಗನಾಗಿ ಹುಟ್ಟಿ, ಗಿರಣಿಯ ಗಾಡಿಗಳನ್ನೆಳೆಯುವ ಕುದುರೆಗಳ ನಡುವೆಯೇ ಬೆಳೆದ ಈತನು, ಹದಿನಾಲ್ಕನೆಯ ವಯಸ್ಸಿನಲ್ಲಿ ನಾರಿಚ್ ಪಟ್ಟಣದ ಕಲ್ಲಚ್ಚಿನ ಮುದ್ರಣಾಲಯವೊಂದಕ್ಕೆ ಉಮೇದುವಾರನಾಗಿ ಸೇರಿದನು. ಹಗಲೆಲ್ಲ ಚಾಕೊಲೇಟು ಮಾರುವವರ ಭಿತ್ತಿಪತ್ರಗಳಿಗೆ ಚಿತ್ರ ಬರೆಯುವುದು, ಸಂಜೆ ಊರಿನ ಚಿತ್ರಶಾಲೆಯಲ್ಲಿ ಪಾಠ ಹೇಳಿಸಿಕೊಳ್ಳುವುದು; ಹೀಗೆ ಆರು ವರ್ಷಗಳು ಕಳೆದುವು. ಕಲ್ಲಿನ ಮೇಲೆ ಬರೆಯುವವನಿಗೆ ತಪ್ಪಿದ ಗೆರೆಯನ್ನು ಅಳಿಸಿ ತಿದ್ದುವ ಸೌಕರ್ಯ ಕಡಮೆ. ಗೆರೆಯನ್ನು ಇಡುವುದಕ್ಕೆ ಮುಂಚೆಯೇ ಅದನ್ನು ಮನಸ್ಸಿನಲ್ಲಿ ಎಳೆದು ಮುಗಿಸಿಕೊಳ್ಳಬೇಕಾಗುತ್ತದೆ. ಮುಂದೆ ಪಂದ್ಯದ ಬಯಲಿನಲ್ಲಿ, ಒಂದು ಗಳಿಗೆಯೂ ನಿಲ್ಲಲೊಲ್ಲದ ಕುದುರೆಗಳ ಎದುರಿಗೆ ಆತನಿಗೆ ಒದಗಿ ಬಂದದ್ದು ಕಲಾಶಾಲೆಯ ಪಾಠಕ್ಕಿಂತ ಈ ಅಚ್ಚುಮನೆಯ ಶಿಸ್ತೇ ಇರಬೇಕೆಂದು ನನ್ನ ಊಹೆ.

ಇಪ್ಪತ್ತನೆಯ ವಯಸ್ಸಿನಲ್ಲಿ ಆತನಿಗೊಂದು ದುರ್ದೆಸೆ ಒದಗಿತು. ನಾಯಿಮರಿಯೊಂದನ್ನು ಬೇಲಿಯಾಚೆಗೆ ದಾಟಿಸಲೆಂದು ಎತ್ತಿದಾಗ ಮುಳ್ಳಿನ ಕೊಂಬೆಯೊಂದು ಚಿಮ್ಮಿ ಬಂದು ಬಲಗಣ್ಣಿಗೆ ಬಡಿದು, ಆ ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋಯಿತು. ಒಂಟಿಗಣ್ಣಿನವನಿಗೆ ದೂರ ಹತ್ತಿರಗಳ ಅಳತೆ ಸರಿಯಾಗಿ ಸಿಕ್ಕದು. ಕುಂಚವನ್ನು ಬಟ್ಟೆಗೆ ತಾಗಿಸಲು ಹೋದರೆ ಅದು ಒಮ್ಮೆ ಗಾಳಿಯಲ್ಲಿಯೇ ನಿಲ್ಲುವುದು, ಇನ್ನೊಮ್ಮೆ ಬಟ್ಟೆಯನ್ನು ತಿವಿಯುವುದು. ಈ ಊನದಿಂದಲೇ ಆತನ ಕಲೆಗೆ ವಿಶೇಷ ಸಿದ್ಧಿ ಬಂದಿತೆಂದು ಹೇಳುವವರಿದ್ದಾರೆ; ಅಂಗವೈಕಲ್ಯದಲ್ಲಿ ಪ್ರತಿಭೆಯ ಬೀಜವನ್ನು ಹುಡುಕುವ ಆ ಚಪಲಕ್ಕೆ ನಾನು ಮನಸೋಲಲಾರೆ. ಎರಡು ಕಣ್ಣುಗಳಿದ್ದಾಗಲೂ ಆತನು ಒಳ್ಳೆಯ ಚಿತ್ರಕಾರನೇ ಆಗಿದ್ದನು. 1899ರಲ್ಲಿ, ಇಪ್ಪತ್ತೊಂದು ತುಂಬುವುದರೊಳಗಾಗಿ, ಲಂಡನ್ನಿನ ರಾಯಲ್ ಅಕಾಡೆಮಿಯ ಪ್ರದರ್ಶನಕ್ಕೆ ಆತನ ಎರಡು ಚಿತ್ರಗಳು ಆಯ್ಕೆಯಾದುವು.

ಕುದುರೆಯ ಸಂತೆಗಳು ಆಗಿನ ಸಫೋಕಿನಲ್ಲಿ ದೊಡ್ಡ ಜಾತ್ರೆಗಳು. ಲ್ಯಾವೆನಮ್ ಎಂಬ ಹಳೆಯ ಊರಿನ ಸಂತೆಯನ್ನು ಮನ್ನಿಂಗ್ಸ್ ತರುಣನಾಗಿದ್ದಾಗಲೇ ಬರೆದನು. ಅನಂತರ 1910ರ ಸುಮಾರಿನಲ್ಲಿ, ಗಾಡಿಯೊಂದರಲ್ಲಿ ಬಣ್ಣ ಬಟ್ಟೆಗಳನ್ನು ಹೇರಿಕೊಂಡು, ಕೆಲವು ತಟ್ಟುಗಳನ್ನು ಹೊಡೆದುಕೊಂಡು, ನಾರ್ಫೋಕಿನ ದಿಣ್ಣೆಗಳ ಮೇಲೆ ವಾರಗಟ್ಟಲೆ ಅಲೆಯುತ್ತಿದ್ದನು. ಜೊತೆಗೆ ಷ್ರಿಂಪ್ ಎಂಬ ಅಡ್ಡಹೆಸರಿನ ಪೋರನೊಬ್ಬ. ಪುಂಡ, ಯಾರ ಮಾತಿಗೂ ಬಗ್ಗದವನು, ಆದರೆ ಜೀನಿಲ್ಲದ ಕುದುರೆಯ ಬೆನ್ನಿನ ಮೇಲೆ ಅದರದೇ ಒಂದು ಅವಯವವೆಂಬಂತೆ ಕುಳಿತುಕೊಳ್ಳಬಲ್ಲವನು. ಆಗರೋ ಎಂಬ ಬಿಳಿಯ ತಟ್ಟು ಆ ಕಾಲದ ಅನೇಕ ಚಿತ್ರಗಳಲ್ಲಿ ಬರುತ್ತದೆ. ಹುಡುಗನು ಕುದುರೆಗಳನ್ನು ನೀರಿಗೆ ಇಳಿಸುವನು, ದಿಣ್ಣೆಗೆ ಹತ್ತಿಸುವನು. ಬಿಸಿಲಿನಲ್ಲಿ ಬಿಳಿಯ ಮೈ ಹಳದಿಯಾಗಿ, ನೆರಳಿನಲ್ಲಿ ನೀಲಿಯಾಗಿ, ಹುಲ್ಲಿನ ಸಮೀಪದಲ್ಲಿ ಹೊಟ್ಟೆಯ ಅಡಿ ಹಸುರಾಗಿ ತೋರುವುದನ್ನು ಒಡೆಯನು ನೋಡುತ್ತ ನಿಲ್ಲುವನು. ಕುದುರೆಯ ಚರ್ಮವು ಕನ್ನಡಿಯಂತೆ ಸುತ್ತಲಿನ ಬಣ್ಣಗಳನ್ನೆಲ್ಲ ತನ್ನ ಮೇಲೆ ತೆಗೆದುಕೊಳ್ಳತಕ್ಕದ್ದೆಂಬ ಈ ತಿಳಿವಳಿಕೆಯನ್ನು ಆತನು ಪಡೆದದ್ದು ಹೀಗೆ ಬಯಲಿನಲ್ಲಿ ನಿಂತೇ ಹೊರತು ಚಿತ್ರಶಾಲೆಯ ಕಿಟಕಿಯ ಬೆಳಕಿನಲ್ಲಿ ಕುಳಿತಲ್ಲ.

ಚಲಿಸುವ ಪ್ರಾಣಿಯನ್ನು ಸ್ಥಳದಲ್ಲಿಯೇ ಬರೆಯುವವರ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಅವರು ಒಂದು ಹಾಳೆಯ ಮೇಲೆ ಒಂದೇ ಚಿತ್ರವನ್ನು ಹಿಡಿದು ಮುಗಿಸಲು ಹೊರಡುವುದಿಲ್ಲ. ಹಾಳೆಯ ಒಂದು ಮೂಲೆಯಲ್ಲಿ ಎಡಕ್ಕೆ ತಿರುಗುತ್ತಿರುವ ಕುದುರೆಯ ಕೊರಳು ಬೆನ್ನುಗಳ ಗೆರೆ; ಅದು ಮುಗಿಯುವುದರೊಳಗೆ ಕುದುರೆ ತಿರುಗಿ ಹೋಯಿತು; ಆಗ ಪಕ್ಕದಲ್ಲಿ, ಬೆನ್ನು ತೋರಿಸಿ ಹೋಗುತ್ತಿರುವ ಅದೇ ಕುದುರೆಯ ಪೃಷ್ಠಭಾಗದ ಗೆರೆ; ಅದೂ ಅರ್ಧ. ಹೀಗೆ ಏಳೆಂಟು ಅರ್ಧಗಳು ಹಾಳೆಯ ಮೇಲೆ ನಿಂತಿರುವಾಗ ಕುದುರೆಯು ಅಂಗಳವನ್ನು ಸುತ್ತಿ ಮತ್ತೆ ಎಡಕ್ಕೆ ತಿರುಗುವ ಜಾಗಕ್ಕೆ ಬರುತ್ತದೆ, ಮತ್ತು ಕುದುರೆ ಎಂಬ ಪ್ರಾಣಿಯು ಅಭ್ಯಾಸದ ದಾಸನಾದುದರಿಂದ, ಮೊದಲು ಕೊರಳನ್ನು ಹೇಗೆ ಬಾಗಿಸಿತ್ತೋ ಬಹುಮಟ್ಟಿಗೆ ಹಾಗೆಯೇ ಬಾಗಿಸುತ್ತದೆ. ಮೊದಲನೆಯ ಅರ್ಧಕ್ಕೆ ಆಗ ಎರಡು ಗೆರೆಗಳು ಸೇರುತ್ತವೆ. ಆದ್ದರಿಂದಲೇ ಅನುಭವಸ್ಥರು ಸ್ಪರ್ಧೆಯ ಅಂಗಳಕ್ಕಿಂತ, ಸವಾರರು ತಮ್ಮ ಸರದಿಗೆ ಮುಂಚೆ ಕುದುರೆಗಳ ಮೈ ಬಿಸಿಮಾಡುವ ಅಭ್ಯಾಸದ ಅಂಗಳದ ಪಕ್ಕದಲ್ಲಿ ಕುಳಿತುಕೊಳ್ಳಲು ಇಷ್ಟಪಡುತ್ತಾರೆ. ಸ್ಪರ್ಧೆಯಲ್ಲಿ ಒಂದು ಕುದುರೆ ಒಂದು ಅಡ್ಡವನ್ನು ಒಮ್ಮೆ ಹಾರಿ ಹೋಗುವುದು, ಅಭ್ಯಾಸದಲ್ಲಾದರೋ ಅದನ್ನೇ ಮತ್ತೆ ಮತ್ತೆ ಹಾರುವುದು. ಬಣ್ಣದ ಕೆಲಸವಿದ್ದರೆ ಗಾಳಿಗೆ ಈಸೆಲ್ ಉರುಳದಂತೆ ಕೆಳಗೆ ಭಾರ ಕಟ್ಟಬೇಕು, ಅಂಗಳದ ಧೂಳು ಹಸಿಬಣ್ಣಕ್ಕೆ ಕೂರದಂತೆ ಗಾಳಿಯ ದಿಕ್ಕು ನೋಡಬೇಕು. ಮನ್ನಿಂಗ್ಸ್ ಇಂಥ ಸಮಯಗಳಲ್ಲಿ ದೊಡ್ಡ ಬಟ್ಟೆಯನ್ನು ಬಿಟ್ಟು ಸಣ್ಣ ಮರದ ಹಲಗೆಗಳನ್ನು ಬಳಸುತ್ತಿದ್ದನು. ಆ ಹಲಗೆಗಳ ಮೇಲಿನ ಎಣ್ಣೆಬಣ್ಣದ ಟಿಪ್ಪಣಿಗಳನ್ನು ಆಧಾರವಾಗಿಟ್ಟುಕೊಂಡು ದೊಡ್ಡ ಚಿತ್ರವನ್ನು ಮನೆಯಲ್ಲಿ ಕಟ್ಟುತ್ತಿದ್ದನು. ನನ್ನ ಮಟ್ಟಿಗೆ ಹೇಳುವುದಾದರೆ, ಆ ದೊಡ್ಡ ಚಿತ್ರಗಳಿಗಿಂತ ಈ ಹಲಗೆಗಳಲ್ಲಿಯೇ ಹೆಚ್ಚು ಜೀವವಿದೆ.

ಈಗ ನಾಗಾಲೋಟದ ಪ್ರಶ್ನೆ. ಓಡುವ ಕುದುರೆಯ ಕಾಲುಗಳು ಯಾವ ಕ್ರಮದಲ್ಲಿ ನೆಲ ಬಿಡುತ್ತವೆಂಬುದು ಬರಿಗಣ್ಣಿಗೆ ಗೋಚರವಾಗುವುದಿಲ್ಲ. ಗೋಚರವಾಗದ್ದನ್ನು ಚಿತ್ರಕಾರರು ಶತಮಾನಗಳ ಕಾಲ ಸಂಪ್ರದಾಯದಿಂದ ತುಂಬಿಕೊಂಡು ಬಂದರು. 1821ರಲ್ಲಿ ಇಂಗ್ಲೆಂಡಿಗೆ ಬಂದಿದ್ದ ಫ್ರೆಂಚ್ ಚಿತ್ರಕಾರ ಜೆರಿಕೋ ಬರೆದ ಎಪ್ಸಮ್ ಡರ್ಬಿ ಎಂಬ ಕುದುರೆಪಂದ್ಯದ ಚಿತ್ರವು ಪ್ಯಾರಿಸಿನ ಲೂವ್ರ್‌ನಲ್ಲಿದೆ. ಅದರಲ್ಲಿ ನಾಲ್ಕು ಕುದುರೆಗಳು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ, ಮೋಡ ಕವಿದ ಆಕಾಶದ ಕೆಳಗೆ ನೆಲವನ್ನು ಸೋಕದೆ ತೇಲಿ ಹೋಗುತ್ತವೆ. ಯಾವ ಕುದುರೆಯೂ ಹಾಗೆ ಓಡಿದ್ದಿಲ್ಲ. 1878ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ, ಲೀಲಂಡ್ ಸ್ಟ್ಯಾನ್‌ಫರ್ಡ್ ಎಂಬ ಧನಿಕನ ಪ್ರೇರಣೆಯಿಂದ ಮೈಬ್ರಿಜ್ ಎಂಬ ಛಾಯಾಗ್ರಾಹಕನು ಓಟದ ಹಾದಿಯ ಪಕ್ಕದಲ್ಲಿ ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಕುದುರೆಯ ಓಟದಿಂದಲೇ ಒಂದೊಂದರ ಮುಚ್ಚಳವೂ ಬಿಚ್ಚಿ ಮುಚ್ಚುವಂತೆ ಏರ್ಪಡಿಸಿ ಪಟಗಳನ್ನು ತೆಗೆದನು. ನಾಲ್ಕು ಗೊರಸುಗಳೂ ನೆಲ ಬಿಟ್ಟಿರುವ ಕ್ಷಣವೊಂದು ಇರುವುದು ನಿಜವೆಂದೂ, ಆದರೆ ಆ ಕ್ಷಣದಲ್ಲಿ ಕಾಲುಗಳು ಚಾಚಿಕೊಂಡಿರದೆ ಹೊಟ್ಟೆಯ ಕೆಳಗೆ ಮುದುಡಿಕೊಂಡಿರುತ್ತವೆಂದೂ ಲೋಕಕ್ಕೆ ಗೊತ್ತಾಯಿತು.

ಇದರಿಂದ ಬಹಳ ನೊಂದವನು ಮೆಸೊನಿಯೇ. ನೆಪೋಲಿಯನ್ನನ ಯುದ್ಧಗಳನ್ನು ಬರೆದು ಹೆಸರಾಗಿದ್ದ ಈ ಫ್ರೆಂಚ್ ಮಹಾಶಯನು ಯಥಾರ್ಥತೆಗಾಗಿ ಎಷ್ಟು ದುಡ್ಡನ್ನಾದರೂ ಸುರಿಯುವವನು. ಪ್ವಾಸಿಯಲ್ಲಿದ್ದ ತನ್ನ ಮನೆಯ ತೋಟದಲ್ಲಿ ಸಣ್ಣದೊಂದು ಕಂಬಿಯ ಹಾದಿಯನ್ನು ಹಾಕಿಸಿ, ಅದರ ಪಕ್ಕದಲ್ಲಿ ಸವಾರನೊಬ್ಬನಿಂದ ಕುದುರೆ ಓಡಿಸಿ, ತಾನು ತಳ್ಳುಗಾಡಿಯಲ್ಲಿ ಕುಳಿತು ಅದರ ಸಮಸಮವಾಗಿ ಸಾಗುತ್ತ ಕಾಲುಗಳ ಚಲನೆಯನ್ನು ಬರೆದುಕೊಳ್ಳುತ್ತಿದ್ದನು. ಕುದುರೆಯನ್ನು ಜೀವಂತವಾಗಿ ಹಿಡಿಯಲು ಇಷ್ಟು ಪಾಡುಪಟ್ಟ ಇನ್ನೊಬ್ಬನನ್ನು ನಾನರಿಯೆ. ಅಷ್ಟಾದರೂ ಮೈಬ್ರಿಜ್‌ನ ಪಟಗಳು ಬಂದಾಗ ಆತನ ಕಣ್ಣು ಸೋತಿರುವುದು ಸ್ಪಷ್ಟವಾಯಿತು. ಫ್ರೀಡ್‌ಲೆಂಡ್ ಕದನದ ತನ್ನ ಪ್ರಸಿದ್ಧ ಚಿತ್ರವನ್ನು ಜಲವರ್ಣದಲ್ಲಿ ಪುನಃ ಬರೆಯುವಾಗ ಕುದುರೆಗಳ ಕಾಲುಗಳನ್ನು ಆತನು ತಿದ್ದಿಕೊಂಡನು. ಇತ್ತ ಪ್ಯಾರಿಸಿನಲ್ಲಿ, ಅದಕ್ಕೂ ಹತ್ತಾರು ವರ್ಷ ಹಿಂದೆಯೇ, ಇಬ್ಬರು ಚಿತ್ರಕಾರರು ಈ ತೊಡಕಿನಿಂದ ಬೇರೆ ಬೇರೆ ದಾರಿಗಳಲ್ಲಿ ಪಾರಾಗಿದ್ದರು. ಮಾನೆ ಎಂಬಾತನು ಲಾಂಗ್‌ಶಾಂ ಪಂದ್ಯವನ್ನು ಬರೆಯುವಾಗ ಓಟದ ಹಾದಿಯ ನಟ್ಟನಡುವೆ ನಿಂತವನಂತೆ ಕುದುರೆಗಳನ್ನು ನೋಡುಗರ ಮುಖಕ್ಕೇ ನುಗ್ಗಿ ಬರುವಂತೆ ನಿರೂಪಿಸಿ, ಕಾಲುಗಳನ್ನೆಲ್ಲ ಧೂಳಿನ ಮಸುಕಿನಲ್ಲಿ ಕರಗಿಸಿಬಿಟ್ಟನು. ದೆಗಾ ಎಂಬಾತನು ಪಂದ್ಯದ ಓಟವನ್ನು ಬಹುಪಾಲು ಬಿಟ್ಟೇಬಿಟ್ಟು, ಓಟಕ್ಕೆ ಮುಂಚೆ ಜನರ ಮುಂದೆ ಸಾಲಾಗಿ ಹಾದು ಹೋಗುವ, ಕಿವಿ ನಿಮಿರಿಸಿ ಪಕ್ಕಕ್ಕೆ ಸರಿಯುವ, ಸವಾರನ ಮಾತು ಕೇಳಲೊಲ್ಲದ ಕುದುರೆಗಳನ್ನು ಬರೆದನು.

ನಮ್ಮ ಕಡೆಯಲ್ಲಿ ಕುದುರೆಯ ಪರೀಕ್ಷೆ ನಡೆಯುವುದೂ ಅದು ನಿಂತಿರುವಾಗಲೇ. ಸುಳಿ ನೋಡುವವರು ಹಣೆಯ ಸುಳಿ, ಎದೆಯ ಸುಳಿಗಳನ್ನೆಲ್ಲ ಬೆರಳಿಟ್ಟು ತಡವಿ ಶುಭಾಶುಭಗಳನ್ನು ನಿರ್ಣಯಿಸುವುದು ಓಡುವ ಕುದುರೆಯ ಮೇಲೆ ಸಾಧ್ಯವಿಲ್ಲವಷ್ಟೆ. ಹಂಪೆಯ ಹಜಾರರಾಮ ದೇವಾಲಯದ ಹೊರಪ್ರಾಕಾರದ ಗೋಡೆಯಲ್ಲಿ ಆನೆಗಳ ಸಾಲಿನ ಜೊತೆಗೆ ಕುದುರೆಗಳ ಸಾಲೊಂದಿದೆ. ಕಡಿವಾಣ ಹಿಡಿದ ಆಳುಗಳು ಅವುಗಳನ್ನು ನಡೆಸಿಕೊಂಡು ಹೋಗುತ್ತಿದ್ದಾರೆ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸನು ಮಹಾನವಮಿಯಲ್ಲಿ ಅಲಂಕೃತವಾದ ಕುದುರೆಗಳನ್ನು ಅರಸನ ಎದುರಿಗೆ ನಡೆಸಿ ತರುತ್ತಿದ್ದ ವೈಭವವನ್ನು ವಿಸ್ತಾರವಾಗಿ ಬಣ್ಣಿಸಿದ್ದಾನೆ. ಶಿಲ್ಪಿಯು ಉಳಿ ಹಿಡಿದು ಮೆರವಣಿಗೆಯ ಬದಿಯಲ್ಲಿ ಕುಳಿತಿರಲಿಲ್ಲ, ಸರಿಯೆ. ಆದರೆ ವರ್ಷವರ್ಷವೂ ಅದನ್ನೇ ನೋಡಿ ನೋಡಿ ಮನಸ್ಸಿನಲ್ಲಿ ತುಂಬಿಕೊಂಡವನಿಗಲ್ಲದೆ, ಆಳಿನ ಹೆಜ್ಜೆಗೂ ಕುದುರೆಯ ಹೆಜ್ಜೆಗೂ ಆ ಹೊಂದಿಕೆ ಕೈಗೆ ಹತ್ತುವುದು ಕಷ್ಟ.

ಮತ್ತೆ ಮನ್ನಿಂಗ್ಸ್‌ನ ವಿಷಯಕ್ಕೆ ಬರೋಣ. ಇಂಗ್ಲಿಷರ ಕುದುರೆಪಂದ್ಯದ ರಾಜಧಾನಿಯಾದ ನ್ಯೂಮಾರ್ಕೆಟ್ಟಿನಲ್ಲಿ ಪಂದ್ಯದ ಹಾದಿಯು ಊರ ಹೊರಗಿನ ವಿಶಾಲವಾದ ಹುಲ್ಲುಬಯಲಿನ ಮೇಲೆ ಬಹು ದೂರ ನೇರವಾಗಿ ಸಾಗುತ್ತದೆ. ಪ್ರೇಕ್ಷಕರೆಲ್ಲ ಸೇರುವುದು ಅದರ ಕೊನೆಯಲ್ಲಿ, ಗೆಲವು ಸೋಲುಗಳು ತೀರ್ಮಾನವಾಗುವ ಕಂಬದ ಹತ್ತಿರ. ಓಟ ಆರಂಭವಾಗುವ ಜಾಗವಾದರೋ ಅಲ್ಲಿಂದ ಒಂದು ಮೈಲಿಯಷ್ಟು ಆಚೆಗೆ ಇರುವುದೂ ಉಂಟು. ಆ ದೂರದಲ್ಲಿ ನಡೆಯುವುದು ದುರ್ಬೀನು ಹಿಡಿದವರಿಗೂ ಬಣ್ಣದ ಚುಕ್ಕೆಗಳ ಓಡಾಟವಾಗಿ ಮಾತ್ರ ಕಾಣುವುದು. ಮನ್ನಿಂಗ್ಸ್ ಜನಸಂದಣಿಗೆ ಬೆನ್ನು ತಿರುಗಿಸಿ ಆ ದೂರದ ತುದಿಗೆ ಹೋಗಿ ನಿಲ್ಲುತ್ತಿದ್ದನು. ಸಾವಿರಾರು ಪೌಂಡು ಪಣವೊಡ್ಡಿದವರು ಕಾಣದ ನೋಟವನ್ನು ಕಂಡವರು ಓಟ ಬಿಡುವ ಅಧಿಕಾರಿ, ಆತನ ಸಹಾಯಕರು, ಜಾಕಿಗಳು, ಮತ್ತು ಈ ಒಂಟಿಗಣ್ಣಿನ ಚಿತ್ರಕಾರ.

ಅಲ್ಲಿ ನಡೆಯುತ್ತಿದ್ದುದೇನೆಂದರೆ: ಹಾದಿಗೆ ಅಡ್ಡಲಾಗಿ ಎಳೆದು ಕಟ್ಟಿದ ಪಟ್ಟಿಗಳು, ಅಧಿಕಾರಿಯು ಸನ್ನೆಕೋಲನ್ನು ಒತ್ತಿದೊಡನೆ ಅವು ಮೇಲಕ್ಕೆ ಚಿಮ್ಮಿ ಹೋಗತಕ್ಕವು. ಹತ್ತಿಪ್ಪತ್ತು ಕುದುರೆಗಳನ್ನು ಆ ಪಟ್ಟಿಯ ಹಿಂದೆ ಒಂದು ಗೆರೆಗೆ ತರಬೇಕು. ಕುದುರೆಗಳೋ ಒಂದು ಮುಂದೆ ಬಂದರೆ ಇನ್ನೊಂದು ಹಿಂಜರಿಯುವುದು, ಮತ್ತೊಂದು ಹಿಂಗಾಲ ಮೇಲೆ ಏಳುವುದು, ಮಗದೊಂದು ಪೂರ್ತಿ ತಿರುಗಿ ಬಾಲ ತೋರಿಸಿ ನಿಲ್ಲುವುದು. ಇನ್ನೂ ಆಗಿಲ್ಲ, ಬಿಡಬೇಡಿ ಎಂದು ಜಾಕಿಗಳು ಅಧಿಕಾರಿಗೆ ಕೂಗಿ ಹೇಳುವರು. ಪಕ್ಕದವನ ಮೊಣಕಾಲು ತನ್ನ ಮೊಣಕಾಲಿಗೆ ತಗುಲುವಷ್ಟು ಇಕ್ಕಟ್ಟು. ಕೊರಳ ಮೇಲೆ ಲಗಾಮು ಉಜ್ಜಿ ಬೆವರು ನೊರೆಯಾಗಿರುವುದು. ಇದೆಲ್ಲದರ ಮೇಲೆ ರೇಷ್ಮೆಯ ಅಂಗಿಗಳು: ಕಡುನೀಲಿ, ನಿಂಬೆಹಳದಿ, ಗುಲಾಬಿ, ಬಿಳಿಯ ತೋಳಿನ ಕೆಂಪು, ಹಿಂದೆ ಪೂರ್ವ ಇಂಗ್ಲೆಂಡಿನ ತಗ್ಗಾದ ದಿಗಂತ, ಚಿತ್ರದ ಮೂರರಲ್ಲಿ ಎರಡು ಪಾಲನ್ನು ಆಕ್ರಮಿಸುವ ಆಕಾಶ. ಇದು ನಡೆಯುವುದು ಕೆಲವೇ ನಿಮಿಷ. ಆಮೇಲೆ ಪಟ್ಟಿ ಚಿಮ್ಮುವುದು, ಗೊರಸಿನ ಸದ್ದು ದೂರವಾಗುವುದು, ಚಿತ್ರಕಾರನ ಮುಂದೆ ತುಳಿದ ಹುಲ್ಲು ಮಾತ್ರ ಉಳಿಯುವುದು. ಮುಂದಿನ ಓಟಕ್ಕೆ ಇನ್ನೊಂದು ತಂಡ ಬರುವವರೆಗೆ ಆತನಿಗೆ ಹಲಗೆಯ ಮೇಲೆ ಕೆಲಸ. ವರ್ಷಗಟ್ಟಲೆ ಈ ಒಂದೇ ವಸ್ತುವನ್ನು ಆತನು ಮತ್ತೆ ಮತ್ತೆ ಬರೆದನು. ಓಟದ ಆರಂಭದ ಚಿತ್ರಗಳೆಂದೇ ಅವು ಹೆಸರಾಗಿವೆ. ಓಟವನ್ನು ಮಾತ್ರ ಕ್ಯಾಮೆರಾಕ್ಕೆ ಬಿಟ್ಟುಕೊಟ್ಟನು. ಕಾಣದ್ದನ್ನು ಬರೆಯಲು ಹೋಗದೆ, ಕಾಣುವ ಜಾಗವನ್ನು ಹುಡುಕಿಕೊಂಡು ಹೋಗಿ ನಿಂತದ್ದೇ ಆತನ ವಿವೇಕವೆಂದು ನಾನು ಭಾವಿಸುತ್ತೇನೆ.

ಆ ಬಯಲಿನ ಮೇಲೆ ಓಟ ಮುಗಿಸಿದ ಕುದುರೆಗಳ ಬೆವರನ್ನು ಉಜ್ಜಿ ಒಣಗಿಸುವುದಕ್ಕೆಂದು ಕಟ್ಟಿದ ಇಟ್ಟಿಗೆಯ ಸಣ್ಣ ಮನೆಗಳಿದ್ದುವು. ಅಂಥ ಹಳೆಯ ಉಜ್ಜುಮನೆಯೊಂದನ್ನು ಮನ್ನಿಂಗ್ಸ್ ತನ್ನ ಚಿತ್ರಶಾಲೆಯಾಗಿ ಬಳಸಿಕೊಂಡನು. ಈ ಉಜ್ಜುಮನೆಗಳಿಗೆ ಇಂಗ್ಲಿಷ್ ಚಿತ್ರಕಲೆಯಲ್ಲಿ ಅದಕ್ಕೆ ಮುಂಚಿನಿಂದಲೂ ಒಂದು ಸ್ಥಾನವಿದೆ. 18ನೆಯ ಶತಮಾನದಲ್ಲಿ, ಲಿಂಕನ್‌ಷೈರಿನ ಒಂಟಿ ಮನೆಯೊಂದರಲ್ಲಿ ಹದಿನೆಂಟು ತಿಂಗಳ ಕಾಲ ಸತ್ತ ಕುದುರೆಗಳನ್ನು ಕೊಯ್ದು, ಪದರ ಪದರವಾಗಿ ಬಿಡಿಸಿ ಬರೆದು, 1766ರಲ್ಲಿ ಅಶ್ವಶರೀರದ ಗ್ರಂಥವನ್ನು ಪ್ರಕಟಿಸಿದ ಜಾರ್ಜ್ ಸ್ಟಬ್ಸ್, ಗಿಮ್‌ಕ್ರ್ಯಾಕ್ ಎಂಬ ಬೂದುಬಣ್ಣದ ಪಂದ್ಯದ ಕುದುರೆಯನ್ನು ಇದೇ ಬಯಲಿನ ಮೇಲೆ ನಿಲ್ಲಿಸಿ ಬರೆದಿದ್ದಾನೆ. ಆ ಚಿತ್ರದ ವಿಚಿತ್ರವೇನೆಂದರೆ, ಬಲಗಡೆ ದೂರದಲ್ಲಿ ಗಿಮ್‌ಕ್ರ್ಯಾಕ್ ಉಳಿದ ಕುದುರೆಗಳನ್ನು ಹಿಂದೆ ಹಾಕಿ ಗೆಲ್ಲುತ್ತಿದೆ. ಎಡಗಡೆ ಹತ್ತಿರದಲ್ಲಿ ಅದೇ ಗಿಮ್‌ಕ್ರ್ಯಾಕ್ ಓಟ ಮುಗಿಸಿ ಉಜ್ಜುಮನೆಯ ಮುಂದೆ ನಿಂತಿದೆ. ಲಾಯದ ಹುಡುಗನು ಕೆಳಗೆ ಕುಳಿತು ಹುಲ್ಲಿನ ಸಿಂಬೆಯಿಂದ ಅದರ ಮೈ ಉಜ್ಜುತ್ತಿದ್ದಾನೆ. ಪ್ರೇಕ್ಷಕರ ಕಟ್ಟಡದ ಕಿಟಕಿಗಳು ಮುಚ್ಚಿವೆ. ಒಬ್ಬ ನೋಡುಗನೂ ಇಲ್ಲ. ಓಡುವ ಕುದುರೆಗಳನ್ನು ಸ್ಟಬ್ಸ್ ಬೊಂಬೆಗಳಂತೆ ಸಣ್ಣದಾಗಿ ಬರೆದು ಮುಗಿಸಿದನು; ತನ್ನ ಪೂರ್ಣ ಶಕ್ತಿಯನ್ನು ನಿಂತ ಕುದುರೆಗಾಗಿ ಇಟ್ಟುಕೊಂಡನು. ಸುಮಾರು ಇನ್ನೂರು ವರ್ಷಗಳ ಅಂತರದಲ್ಲಿ ಇಬ್ಬರು ಚಿತ್ರಕಾರರು, ಒಬ್ಬನು ಓಟಕ್ಕೆ ಮುಂಚೆ, ಇನ್ನೊಬ್ಬನು ಓಟ ಮುಗಿದ ಮೇಲೆ, ಓಟವನ್ನು ಮಾತ್ರ ಹೀಗೆ ನಡುವೆ ಬಿಟ್ಟರು.

ಯುದ್ಧಕಾಲದಲ್ಲಿಯೂ ಮನ್ನಿಂಗ್ಸ್‌ಗೆ ಇದೇ ಅನುಭವವಾಯಿತು. ಕಣ್ಣಿನ ದೆಸೆಯಿಂದ ಸೈನ್ಯವು ಆತನನ್ನು ತೆಗೆದುಕೊಳ್ಳಲಿಲ್ಲ. 1918ರಲ್ಲಿ ಕೆನಡದ ಅಶ್ವದಳದ ಜೊತೆಗೆ ಚಿತ್ರಕಾರನಾಗಿ ಫ್ರಾನ್ಸಿಗೆ ಹೋದನು. ದಳಪತಿ ಜನರಲ್ ಸೀಲಿಯು ವಾರಿಯರ್ ಎಂಬ ತನ್ನ ಕುದುರೆಯ ಮೇಲೆ ಕುಳಿತಿರುವ ಚಿತ್ರವನ್ನು ಶತ್ರುಗಳ ಮುಂಚೂಣಿಗೆ ಬಹು ದೂರವಲ್ಲದ ಬಯಲಿನಲ್ಲಿ, ಚಳಿಯಲ್ಲಿ, ಸ್ಥಳದಲ್ಲಿಯೇ ಬರೆದನು. ಅದು ಗಂಭೀರವಾದ, ನಂಬಬಹುದಾದ ಚಿತ್ರ. ಅದೇ ವರ್ಷದ ಮಾರ್ಚ್ 30ರಂದು ಮೊರೆಯಿ ಕಾಡಿನಲ್ಲಿ ಫ್ಲವರ್‌ಡ್ಯೂ ಎಂಬ ಅಧಿಕಾರಿಯ ತುಕಡಿಯು ಮೆಷಿನ್‌ಗನ್‌ಗಳ ಎದುರಿಗೆ ನುಗ್ಗಿದ ದಾಳಿಯನ್ನೂ ಆತನು ಬರೆದಿದ್ದಾನೆ. ಆದರೆ ಅದು ಕಣ್ಣಾರೆ ಕಂಡದ್ದಲ್ಲ. ನಾಗಾಲೋಟದ ಕುದುರೆಗಳೆಲ್ಲ ಅಲ್ಲಿ ಭರದಿಂದ ಹೋಗುತ್ತಿದ್ದರೂ ಚಿತ್ರವು ಸಚಿತ್ರ ವಾರಪತ್ರಿಕೆಯ ಹಾಳೆಯ ಮಟ್ಟವನ್ನು ಮೀರಿ ಏಳುವುದಿಲ್ಲ.

ಹೆಸರಾದ ಮೇಲೆ ಬಂದುದು ಧನಿಕರ ತಗಾದೆ. 1920ರಲ್ಲಿ ಆತನು ಮದುವೆಯಾದ ವೈಯೊಲೆಟ್ ಸ್ವತಃ ಒಳ್ಳೆಯ ಸವಾರಿಗಾರ್ತಿ, ಅದಕ್ಕಿಂತ ಮಿಗಿಲಾಗಿ ಒಳ್ಳೆಯ ವ್ಯವಹಾರಜ್ಞೆ; ಕುದುರೆಗಳ ಒಡೆಯರಿಂದ ಬರುವ ಬೇಡಿಕೆಗಳನ್ನು ಬಿಡಬಾರದೆಂದು ಆಕೆಯ ಹಟ. ಹೀಗಾಗಿ ಬಹುಮಾನ ಗೆದ್ದ ಕುದುರೆಗಳನ್ನು ಲಾಯದ ಅಂಗಳದಲ್ಲಿ ನಿಲ್ಲಿಸಿ ಬರೆಯುವ ಕೆಲಸವೇ ಆತನ ಕಾಲವನ್ನೆಲ್ಲ ನುಂಗತೊಡಗಿತು. ಇಂಥ ಚಿತ್ರಗಳ ಪೈಕಿ ಒಂದರ ಕಥೆ ಮನಸ್ಸನ್ನು ಕಲಕತಕ್ಕದ್ದು. ಜೆರಿಕೋನ ಚಿತ್ರಕ್ಕೆ ಸರಿಯಾಗಿ ನೂರು ವರ್ಷಗಳ ಮೇಲೆ, 1921ರ ಡರ್ಬಿಯನ್ನು, ಸ್ಟೀವ್ ಡೊನಹ್ಯೂ ಎಂಬ ಪ್ರಖ್ಯಾತ ಜಾಕಿಯ ಸವಾರಿಯಲ್ಲಿ, ಹ್ಯೂಮರಿಸ್ಟ್ ಎಂಬ ಕುದುರೆ ಗೆದ್ದಿತು. ಕೆಲವೇ ವಾರಗಳ ಮೇಲೆ, ಮನ್ನಿಂಗ್ಸ್ ಅದರ ಚಿತ್ರದ ಕೆಲಸದಲ್ಲಿದ್ದ ಕಾಲದಲ್ಲಿಯೇ, ಅದು ತನ್ನ ಲಾಯದಲ್ಲಿ ರಕ್ತಸ್ರಾವವಾಗಿ ಸತ್ತು ಬಿದ್ದಿತ್ತು. ಶವಪರೀಕ್ಷೆಯಲ್ಲಿ ಶ್ವಾಸಕೋಶದ ಕ್ಷಯವೆಂದು ತಿಳಿಯಿತು. ರೋಗಪೀಡಿತವಾದ ಶ್ವಾಸಕೋಶದಿಂದಲೇ ಅದು ಇಂಗ್ಲೆಂಡಿನ ಅತಿ ಕಠಿಣವಾದ ಒಂದೂವರೆ ಮೈ‌ಲಿಯನ್ನು ಓಡಿ ಗೆದ್ದಿತ್ತು. ಅದನ್ನು ದಿನವೂ ನೋಡುತ್ತಿದ್ದವರಿಗೂ ಆ ರೋಗದ ಸುಳಿವು ಸಿಕ್ಕಿರಲಿಲ್ಲ.

ಮನ್ನಿಂಗ್ಸ್‌ನ ದೃಷ್ಟಿಗೆ ಒಂದು ಮಿತಿಯಿತ್ತು. ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಾಗದು. 1944ರಲ್ಲಿ ರಾಯಲ್ ಅಕಾಡೆಮಿಯ ಅಧ್ಯಕ್ಷನಾದ ಆತನು, 1949ರ ಏಪ್ರಿಲಿನ ವಾರ್ಷಿಕ ಔತಣದಲ್ಲಿ, ಚರ್ಚಿಲ್ ಮೊದಲಾದ ಗಣ್ಯರ ಸಮ್ಮುಖದಲ್ಲಿ, ಬಿಬಿಸಿ ರೇಡಿಯೊ ದೇಶಕ್ಕೆಲ್ಲ ಬಿತ್ತರಿಸುತ್ತಿರುವಾಗಲೇ, ಪಿಕಾಸೊ ಮಾಟೀಸರನ್ನೂ ನವ್ಯಕಲೆಯನ್ನೂ ಬಾಯಿಗೆ ಬಂದಂತೆ ಹಳಿದನು. ಆ ವರ್ಷವೇ ಅಧ್ಯಕ್ಷಪದವಿ ಬಿಟ್ಟನು. ಮಾಟೀಸನಿಗೂ ಆತನಿಗೂ ಸಮಾನವಾದ ಪೂರ್ವಿಕರು ಫ್ರಾನ್ಸಿನ ಬೆಳಕಿನ ಚಿತ್ರಕಾರರೇ ಎಂಬುದು, ಬಿಳಿಯ ತಟ್ಟಿನ ಹೊಟ್ಟೆಗೆ ಹಸುರು ಬಣ್ಣ ಹಚ್ಚಿದವನಿಗೆ ಏಕೆ ಹೊಳೆಯಲಿಲ್ಲವೋ! ವಿಮರ್ಶಕರು ಆತನನ್ನು ಬಹುಕಾಲ ಕ್ಷಮಿಸಲಿಲ್ಲ. ಕೊಳ್ಳುವವರು ಕ್ಷಮಿಸಿದರು, 2004ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಆತನ ಒಂದು ಚಿತ್ರಕ್ಕೆ 70 ಲಕ್ಷ ಡಾಲರಿಗೂ ಮಿಗಿಲಾದ ಬೆಲೆ ಬಂದಿತು.

1959ರಲ್ಲಿ ಮನ್ನಿಂಗ್ಸ್ ತೀರಿಕೊಂಡನು. ಆರು ವರ್ಷಗಳ ಮೇಲೆ, 1965ರ ಜುಲೈಯಲ್ಲಿ, ಅದೇ ನ್ಯೂಮಾರ್ಕೆಟ್ಟಿನಲ್ಲಿ, ಬ್ರಿಟನ್ನಿನಲ್ಲಿ ಮೊದಲ ಬಾರಿಗೆ, ಓಟ ಬಿಡುವುದಕ್ಕೆ ಕಬ್ಬಿಣದ ಗೂಡುಗಳು ಬಂದುವು. ಈಗ ಬೆಂಗಳೂರು ಮೈಸೂರುಗಳ ಪಂದ್ಯಗಳಲ್ಲಿ ಕಾಣುವಂಥವೇ: ಒಂದೊಂದು ಕುದುರೆಯೂ ತನ್ನ ಗೂಡನ್ನು ಹಿಂದಿನಿಂದ ಹೊಕ್ಕು, ಮುಂದಿನ ಕದ ಏಕಕಾಲಕ್ಕೆ ತೆರೆದಾಗ ಹೊರಕ್ಕೆ ನೆಗೆಯುವುದು. ನ್ಯಾಯದ ದೃಷ್ಟಿಯಿಂದ ಅದು ಒಳ್ಳೆಯ ಏರ್ಪಾಡೇ; ಪಣ ಕಟ್ಟಿದವರಿಗೂ ಜಾಕಿಗಳಿಗೂ ಅದರಿಂದ ಉಪಕಾರವಾಗಿದೆ. ಆದರೆ ಬೆರೆತು, ತಿರುಗಿ, ಹಿಂಜರಿದು, ಒಂದರ ಮೇಲೊಂದು ನೆರಳು ಚೆಲ್ಲುತ್ತಿದ್ದ ಆ ಕುದುರೆಗಳ ಹಿಂಡನ್ನು ಗೂಡಿನ ಸರಳುಗಳ ಹಿಂದೆ ಬರೆಯಬಲ್ಲವನು ಯಾವನು? ಆಮೇಲಿನ ಚಿತ್ರಕಾರರು ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತು ಹಾಕಿಸುವ ಅಂಗಳಕ್ಕೂ, ಓಟವಾದ ಮೇಲೆ ಜೀನು ಬಿಚ್ಚುವ ಜಾಗಕ್ಕೂ ಸರಿದರು.

ಆ ಹಳೆಯ ತಳಮಳ ಇನ್ನೂ ಉಳಿದಿರುವುದು ಪಂದ್ಯದ ಬಯಲಿನಲ್ಲಲ್ಲ, ಮೂರು ಬಗೆಯ ಸವಾರಿಯನ್ನು ಒಂದೇ ಕುದುರೆಯಿಂದ ಮಾಡಿಸುವ ಈವೆಂಟಿಂಗ್ ಎಂಬ ಸ್ಪರ್ಧೆಯಲ್ಲಿ. ಇಂಗ್ಲೆಂಡಿನ ಬ್ಯಾಡ್ಮಿಂಟನ್ನಿನಲ್ಲಿ, ಮನ್ನಿಂಗ್ಸ್ ಆ ಭಾಷಣ ಮಾಡಿದ 1949ರಲ್ಲಿಯೇ, ಇದರ ಪ್ರಸಿದ್ಧ ಕೂಟ ಮೊದಲಾಯಿತು. ಕಾಡುಮೇಡಿನ ಓಟದ ದಿನ, ಮೂರು ಕಡೆ ಕಟಕಟೆಯಿದ್ದು ಮುಂದುಗಡೆ ತೆರೆದಿರುವ ಸಣ್ಣ ಆವರಣದೊಳಕ್ಕೆ ಸವಾರನು ಕುದುರೆಯನ್ನು ತರಬೇಕು. ಅಧಿಕಾರಿಯು ಅಂಕೆಗಳನ್ನು ಇಳಿಮುಖವಾಗಿ ಎಣಿಸುತ್ತಿರುವಾಗ ಕುದುರೆಯು ಅಲ್ಲಿಯೇ ಗಿರ್ರನೆ ತಿರುಗುವುದು, ಕಟಕಟೆಗೆ ಪೃಷ್ಠ ತಾಗಿಸುವುದು, ಕಡಿವಾಣ ಕಚ್ಚುವುದು, ಎಣಿಕೆ ಮುಗಿಯುವ ಮೊದಲೇ ಹೊರಡಲು ಹವಣಿಸುವುದು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿಯ ಪದಕಗಳನ್ನು ಗೆದ್ದ ಬೆಂಗಳೂರಿನ ಫವಾದ್ ಮಿರ್ಜಾ ಅವರು 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ 23ನೆಯವರಾಗಿ ಬಂದಾಗ ದಾಟಿ ಹೋದದ್ದು ಇಂಥದೇ ಕಟಕಟೆಯನ್ನು. ಕುದುರೆಯನ್ನು ಎದುರಿಗೆ ನಿಂತು ಬರೆಯಬೇಕೆಂಬ ಹಂಬಲವುಳ್ಳ ನಮ್ಮ ಚಿತ್ರಕಲಾ ವಿದ್ಯಾರ್ಥಿಗಳು, ನೀರಿನ ಹಳ್ಳದ ಹತ್ತಿರವೋ ದೊಡ್ಡ ಅಡ್ಡದ ಹತ್ತಿರವೋ ಕ್ಯಾಮೆರಾದವರ ನೂಕುನುಗ್ಗಲಿನಲ್ಲಿ ಸೇರಿಕೊಳ್ಳದೆ, ಈ ಕಟಕಟೆಯ ಪಕ್ಕದಲ್ಲಿ ಜಾಗ ಹಿಡಿಯುವುದು ಮೇಲು. ಅಲ್ಲಿ ಕೆಲವು ನಿಮಿಷಗಳಿಗೊಂದು ಹೊಸ ಕುದುರೆ ಬರುತ್ತದೆ, ಮತ್ತು ಹೆಚ್ಚು ಕಡಮೆ ಎಲ್ಲವೂ ಅದೇ ರೀತಿಯಲ್ಲಿ ತಿರುಗುತ್ತವೆ.